ಬೆಳಕಿಗೆ ಕೈ ಬಂದದ್ದು

ನಾನು ಓದಿದ ಪ್ರಾಥಮಿಕ ಶಾಲೆಯಲ್ಲಿ ವಾರಕ್ಕೆ ಎರಡು ದಿನ ಬೆಳಗಿನ ಪ್ರಾರ್ಥನೆಗೆ ‘ಕರುಣಾಳು ಬಾ ಬೆಳಕೆ’ ಹಾಡಿಸುತ್ತಿದ್ದರು. ಅಂಗಳದ ಮಣ್ಣಿನಲ್ಲಿ ಬರಿಗಾಲಲ್ಲಿ ಸಾಲಾಗಿ ನಿಂತು, ಕಣ್ಣು ಮುಚ್ಚಿಕೊಂಡು, ‘ಮುಸುಕಿದೀ ಮಬ್ಬಿನಲಿ ಕೈಹಿಡಿದು ನಡೆಸೆನ್ನನು’ ಎಂದು ಹಾಡುವಾಗಲೆಲ್ಲ ನನಗೆ ಕಾಣುತ್ತಿದ್ದದ್ದು ಅಜ್ಜನ ಕೈ. ಸಂತೆ ಮುಗಿಸಿ, ಕತ್ತಲಾದ ಮೇಲೆ ಊರಿಗೆ ನಡೆದು ಬರುವಾಗ ಅಜ್ಜ ಒಂದು ಕೈಯಲ್ಲಿ ಕಂದೀಲನ್ನೂ ಇನ್ನೊಂದು ಕೈಯಲ್ಲಿ ನನ್ನ ಮುಂಗೈಯನ್ನೂ ಹಿಡಿದಿರುತ್ತಿದ್ದರು. ಹೀಗಾಗಿ ಬೆಳಕು ಮತ್ತು ಕೈ ನನ್ನ ಮನಸ್ಸಿನಲ್ಲಿ ಒಂದೇ ಆಗಿಬಿಟ್ಟಿದ್ದವು. ಅದು ಇಂಗ್ಲಿಷಿನಿಂದ ಬಂದ ಪದ್ಯವೆಂದಾಗಲಿ, ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನದಲ್ಲಿ ಅದನ್ನು ಕನ್ನಡಿಗರ ಕೈಗಿತ್ತರೆಂದಾಗಲಿ ಆಗ ತಿಳಿದಿರಲಿಲ್ಲ.

ಪದವಿ ತರಗತಿಯಲ್ಲಿದ್ದಾಗ ಮೂಲ ಪದ್ಯ ಸಿಕ್ಕಿತು. ಗ್ರಂಥಾಲಯದ ಮೂಲೆಯ ಬೆಂಚಿನಲ್ಲಿ ಕುಳಿತು ಸಾಲಿಗೆ ಸಾಲು ಇಟ್ಟು ಓದಿದೆ. ಇಂಗ್ಲಿಷಿನಲ್ಲಿ ಕೈ ಇರಲಿಲ್ಲ. ‘ಲೀಡ್ ದೌ ಮಿ ಆನ್’ ಎಂದಷ್ಟೇ ಇತ್ತು, ಅಂದರೆ ಮುಂದಕ್ಕೆ ನಡೆಸು ಎಂದಷ್ಟೇ. ಮೂರನೆಯ ಸಾಲಿಗೆ ಬಂದರೆ ಇನ್ನೂ ಅಚ್ಚರಿ. ಕನ್ನಡದಲ್ಲಿ ‘ಇರುಳು ಕತ್ತಲೆಯ ಗವಿ, ಮನೆ ದೂರ’ ಎಂದಿದೆ. ಇಂಗ್ಲಿಷಿನಲ್ಲಿ ಗವಿಯೂ ಇಲ್ಲ. ‘ದ ನೈಟ್ ಈಸ್ ಡಾರ್ಕ್, ಅಂಡ್ ಐ ಆಮ್ ಫಾರ್ ಫ್ರಮ್ ಹೋಮ್’: ರಾತ್ರಿ ಕತ್ತಲಾಗಿದೆ, ನಾನು ಮನೆಯಿಂದ ದೂರ ಇದ್ದೇನೆ. ಹತ್ತು ಪದಗಳು, ಹತ್ತೂ ಒಂದೊಂದೇ ಉಚ್ಚಾರಾಂಶದವು. ಅಲಂಕಾರವೆಂದು ಬೆರಳಿಟ್ಟು ತೋರಿಸಲು ಆ ಸಾಲಿನಲ್ಲಿ ಏನೂ ಇಲ್ಲ.

ಅಂದು ಹುಟ್ಟಿದ ಪ್ರಶ್ನೆ ಇಪ್ಪತ್ತು ವರ್ಷಗಳಿಂದ ಬಯಲುಸೀಮೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿರುವ ನನ್ನನ್ನು ಬಿಟ್ಟಿಲ್ಲ. ಇಂಗ್ಲಿಷಿನ ವರ್ಣನೆಯ ಜೀವ ಎಲ್ಲಿರುತ್ತದೆ? ಹೋಲಿಕೆಯೊಂದನ್ನು ಓದುವುದೆಂದರೆ ಅದರ ಹೆಸರನ್ನು ಹೇಳುವುದೋ, ಅಥವಾ ಅದನ್ನು ಮೊದಲು ಆಡಿದವನು ಎಲ್ಲಿ ನಿಂತು ಏನನ್ನು ನೋಡುತ್ತಿದ್ದನೆಂದು ಕೇಳಿಕೊಳ್ಳುವುದೋ?

ಈ ಪದ್ಯವನ್ನು ಬರೆದ ಜಾನ್ ಹೆನ್ರಿ ನ್ಯೂಮನ್ 1833ರ ಜೂನಿನಲ್ಲಿ ಸಮುದ್ರದ ಮೇಲಿದ್ದ. ಸಿಸಿಲಿಯಲ್ಲಿ ಜ್ವರದಿಂದ ಸಾಯುವಷ್ಟಾಗಿ ಬದುಕಿಕೊಂಡು, ಪಲೆರ್ಮೊದಿಂದ ಮಾರ್ಸೆಯ ಕಡೆಗೆ ಹೊರಟಿದ್ದ ಕಿತ್ತಳೆ ಹಣ್ಣಿನ ಹಾಯಿದೋಣಿಯೊಂದನ್ನು ಹತ್ತಿದ್ದ. ಕಾರ್ಸಿಕಾ ಮತ್ತು ಸಾರ್ಡೀನಿಯಗಳ ನಡುವಿನ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿ ನಿಂತುಹೋಗಿ, ದೋಣಿ ಒಂದು ವಾರ ಅಲ್ಲಿಯೇ ನಿಂತಿತು. ಇದು ಗೊತ್ತಾದ ಮೇಲೆ ಮೊದಲ ಸಾಲಿನ ‘ಎನ್‌ಸರ್ಕ್ಲಿಂಗ್ ಗ್ಲೂಮ್’ ಎಂಬ ಮಾತು ನನಗೆ ಬೇರೆಯಾಗಿಯೇ ಕೇಳಿಸತೊಡಗಿತು. ಸುತ್ತಲೂ ವೃತ್ತದಂತೆ ಕವಿಯುತ್ತಿರುವ ಮಬ್ಬು ಅದು. ನೀರಿನ ನಡುವೆ ನಿಂತವನಿಗೆ ಮಾತ್ರ ಕತ್ತಲು ಹಾಗೆ ನಾಲ್ಕೂ ದಿಕ್ಕಿನಿಂದ ಸಮವಾಗಿ ಬರುತ್ತದೆ. ಬಿ.ಎಂ.ಶ್ರೀಯವರ ಮಬ್ಬು ಹಾಗಲ್ಲ, ಅದು ಮುಸುಕುತ್ತದೆ, ತಲೆಯ ಮೇಲಿನಿಂದ ಸೆರಗಿನಂತೆ ಇಳಿಯುತ್ತದೆ. ಅದು ನೆಲದ ಮೇಲೆ ನಡೆಯುವವನ ಕತ್ತಲು. ನೆಲದ ಮೇಲೆ ನಡೆಯುವವನಿಗೆ ಗವಿ ಗೊತ್ತು, ದಾರಿ ಗೊತ್ತು, ಕೈಹಿಡಿಯುವ ಹಿರಿಯರು ಗೊತ್ತು. ಅನುವಾದಕರು ಸಮುದ್ರದ ಕತ್ತಲನ್ನು ನೆಲಕ್ಕೆ ತಂದಾಗ ಅದರ ಜೊತೆಯಲ್ಲಿಯೇ ಕೈಯೂ ಬಂತು.

ನ್ಯೂಮನ್ ಮುಂದೆ ಈ ಪದ್ಯಕ್ಕೆ ‘ಮೋಡದ ಸ್ತಂಭ’ ಎಂಬರ್ಥದ ಶೀರ್ಷಿಕೆಯನ್ನು ಕೊಟ್ಟ. ಬೈಬಲ್ಲಿನ ವಿಮೋಚನಕಾಂಡದಲ್ಲಿ ಮರುಭೂಮಿಯನ್ನು ದಾಟುತ್ತಿದ್ದ ಇಸ್ರಾಯೇಲ್ಯರಿಗೆ ಹಗಲಲ್ಲಿ ಮೋಡದ ಸ್ತಂಭವೂ ಇರುಳಲ್ಲಿ ಬೆಂಕಿಯ ಸ್ತಂಭವೂ ದಾರಿ ತೋರಿಸಿದ ಕಥೆಯಿದೆ. ಅಂದರೆ ಅವನ ಓದುಗರಿಗೆ ಬೆಳಕು ಕೈಹಿಡಿಯಬೇಕಾಗಿರಲಿಲ್ಲ. ಅದು ಮುಂದೆ ಮುಂದೆ ನಡೆದರೆ ಸಾಕಿತ್ತು, ಆ ಚಿತ್ರ ಅವರ ನೆನಪಿನಲ್ಲಿ ಮೊದಲೇ ಇತ್ತು. ಇಂಗ್ಲಿಷಿನ ಸಾಲು ಅಷ್ಟು ಬರಿದಾಗಿ ನಿಲ್ಲಲು ಸಾಧ್ಯವಾದದ್ದು ಅದರ ಹಿಂದೆ ನಿಂತಿದ್ದ ಆ ಸ್ತಂಭದಿಂದ. ಕನ್ನಡದ ಮಕ್ಕಳಿಗೆ ಆ ಸ್ತಂಭ ಇಲ್ಲ, ಆದ್ದರಿಂದ ಅವರಿಗೆ ಕೈ ಬೇಕಾಯಿತು. ಇದನ್ನು ನಾನು ಅನುವಾದದ ದೊಡ್ಡ ಗೆಲುವು ಎಂದು ತಿಳಿದಿದ್ದೇನೆ.

ನಮಗೆ ಅಲಂಕಾರಗಳ ಪಾಠ ಹೇಳಿಕೊಟ್ಟ ರೀತಿಯೇ ಬೇರೆಯಾಗಿತ್ತು. ಕನ್ನಡ ವ್ಯಾಕರಣದ ಅವಧಿಯಲ್ಲಿ ‘ಭೀಮದುರ್ಯೋಧನರು ಮದಗಜಗಳಂತೆ ಹೋರಾಡಿದರು’ ಎಂಬ ವಾಕ್ಯವನ್ನು ಹಲಗೆಯ ಮೇಲೆ ಬರೆದು, ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಾಲ್ಕು ಭಾಗ ಮಾಡಿ, ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೂ ಇಲ್ಲದಿದ್ದರೆ ಲುಪ್ತೋಪಮೆ ಎಂದು ಬಾಯಿಪಾಠ ಮಾಡಿಸಿದರು. ಮುಂದಿನ ಅವಧಿಯಲ್ಲಿ ಇಂಗ್ಲಿಷ್ ಮೇಷ್ಟರು ಬಂದು, ‘ಲೈಕ್’ ಅಥವಾ ‘ಆ್ಯಸ್’ ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್ ಎಂದು ಹೇಳಿ, ಒಂದು ಅಂಕದ ಪ್ರಶ್ನೆಗೆ ನಮ್ಮನ್ನು ಸಿದ್ಧಮಾಡಿದರು. ಎರಡೂ ಅವಧಿಗಳಲ್ಲಿ ಮದಗಜ ಹೇಗೆ ಹೋರಾಡುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಅನೇಕ ವರ್ಷ ಹಾಗೆಯೇ ಪಾಠ ಮಾಡಿದೆ. ಮಕ್ಕಳಿಗೆ ಅಂಕ ಬರುತ್ತಿತ್ತು.

ವಿಂಗಡಣೆಯೇ ತಪ್ಪೆಂದು ನಾನು ಹೇಳಲಾರೆ. ಇಂಗ್ಲಿಷಿನಲ್ಲಿ ಹೋಲಿಕೆಯ ಎರಡು ಕಡೆಗಳಿಗೆ ‘ಟೆನರ್’ ಮತ್ತು ‘ವೆಹಿಕಲ್’ ಎಂಬ ಹೆಸರುಗಳನ್ನು ಐ.ಎ. ರಿಚರ್ಡ್ಸ್ ಕೊಟ್ಟದ್ದು 1936ರಲ್ಲಿ. ಉಪಮೇಯ ಉಪಮಾನಗಳನ್ನು ನಮ್ಮವರು ಅದಕ್ಕಿಂತ ಸಾವಿರಾರು ವರ್ಷ ಮೊದಲೇ ಬೇರೆಮಾಡಿ ನೋಡಿದ್ದರು. ಸಂಸ್ಕೃತದ ಆಲಂಕಾರಿಕ ದಂಡಿಯ ದಾರಿಯಲ್ಲಿ ನಡೆದ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ಕನ್ನಡದ ಪದ್ಯಗಳನ್ನೇ ಉದಾಹರಣೆಯಾಗಿಟ್ಟು ಅಲಂಕಾರಗಳನ್ನು ವಿವರಿಸಿತು. ಇಂಗ್ಲಿಷರಿಗೂ ಇಂಥ ಕಾಲವೊಂದು ಬಂದಿತ್ತು. ಜಾರ್ಜ್ ಪುಟನ್‌ಹ್ಯಾಮ್ ಬರೆದನೆನ್ನಲಾದ, 1589ರಲ್ಲಿ ಅಚ್ಚಾದ ಕಾವ್ಯಕಲೆಯ ಪುಸ್ತಕವೊಂದರಲ್ಲಿ ಗ್ರೀಕ್ ಹೆಸರುಗಳಿಗೆಲ್ಲ ಮನೆಮಾತಿನ ಹೆಸರುಗಳನ್ನು ಹುಡುಕುವ ಪ್ರಯತ್ನವಿದೆ. ಅತಿಶಯೋಕ್ತಿಗೆ ಅಲ್ಲಿ ‘ಗಟ್ಟಿ ದನಿಯ ಸುಳ್ಳುಗಾರ’ ಎಂಬ ಅರ್ಥದ ಹೆಸರು, ವ್ಯಂಗ್ಯಕ್ಕೆ ‘ಒಣ ಅಣಕ’, ರೂಪಕಕ್ಕೆ ‘ಸಾಗಣೆಯ ಅಲಂಕಾರ’. ಆ ಹೆಸರುಗಳು ನಿಲ್ಲಲಿಲ್ಲ, ಗ್ರೀಕ್ ಹೆಸರುಗಳೇ ಉಳಿದವು. ಆದರೆ ‘ಸಾಗಣೆ’ ಎಂಬುದು ನನ್ನ ಪಾಠಕ್ಕೆ ಬಹಳ ಒದಗಿದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಏನೋ ಸಾಗಿದೆ ಎಂದಾದರೆ, ಎಲ್ಲಿಂದ ಸಾಗಿತು, ಏನೇನು ತುಂಬಿಕೊಂಡು ಬಂತು, ದಾರಿಯಲ್ಲಿ ಏನು ಉಳಿಯಿತು ಎಂದು ಕೇಳಬಹುದಲ್ಲವೇ?

ಹಾಗೆ ಕೇಳತೊಡಗಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಹುಲ್ಲು. ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ಎಂಬ ಗಾದೆಗೆ ಸಮನಾಗಿ ನಮ್ಮಲ್ಲಿ ‘ಗಾಳಿ ಬಂದಾಗ ತೂರಿಕೋ’ ಎಂಬುದನ್ನು ಹೇಳಿಕೊಡುವುದು ರೂಢಿ. ಅರ್ಥ ಹೊಂದುತ್ತದೆ. ಆದರೆ ಎರಡರ ಒಳಗೆ ನಡೆಯುತ್ತಿರುವ ಕೆಲಸ ಬೇರೆ, ಆತಂಕವೂ ಬೇರೆ. ಇಂಗ್ಲೆಂಡಿನಲ್ಲಿ ಬೇಸಿಗೆಯಲ್ಲಿಯೂ ಮಳೆ ಬರುತ್ತಲೇ ಇರುತ್ತದೆ. ಚಳಿಗಾಲಕ್ಕೆ ದನಕ್ಕೆ ಬೇಕಾದ ಹುಲ್ಲನ್ನು ಕೊಯ್ದು, ಹೊಲದಲ್ಲಿ ಹರಡಿ, ಮಗುಚಿ ಹಾಕಿ ಒಣಗಿಸಲು ಅವರಿಗೆ ಒಟ್ಟಿಗೆ ಕೆಲವು ಬಿಸಿಲಿನ ದಿನಗಳು ಬೇಕು. ಹಸಿ ಉಳಿದ ಹುಲ್ಲನ್ನು ಬಣವೆ ಒಟ್ಟಿದರೆ ಅದು ಒಳಗೊಳಗೇ ಬಿಸಿಯಾಗಿ ಕೊಳೆಯುತ್ತದೆ, ಕೆಲವೊಮ್ಮೆ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಆದ್ದರಿಂದ ಬಿಸಿಲು ಅಲ್ಲಿ ಕೈಗೆ ಸಿಕ್ಕು ಜಾರುವ ವಸ್ತು. ನಮ್ಮ ಕಣದಲ್ಲಿ ಬಿಸಿಲಿಗೆ ಬರವಿಲ್ಲ, ಬರವಿರುವುದು ಗಾಳಿಗೆ. ತುಳಿಸಿದ ರಾಶಿಯ ಪಕ್ಕದಲ್ಲಿ, ಮೊರದಲ್ಲಿ ಕಾಳು ತುಂಬಿಕೊಂಡು, ಎತ್ತರದ ಮೇಲೆ ನಿಂತವರು ಮರದ ಎಲೆ ಅಲ್ಲಾಡುವುದನ್ನೇ ಕಾಯುತ್ತಿದ್ದುದನ್ನು ನಾನು ಕಂಡಿದ್ದೇನೆ. ಗಾಳಿ ಬಂದ ಕೂಡಲೇ ಮೊರ ಎತ್ತಬೇಕು. ಹೊಟ್ಟು ಹಾರುತ್ತದೆ, ಕಾಳು ನೆಟ್ಟಗೆ ಕೆಳಗೆ ಬೀಳುತ್ತದೆ. ಗಾಳಿ ನಿಂತರೆ ಮತ್ತೆ ಮೊರ ಇಳಿಸಿ ಕಾಯಬೇಕು.

ಇದನ್ನು ತರಗತಿಯಲ್ಲಿ ಹೇಳಿದ ಮೇಲೆ ಇನ್ನೊಂದು ಸಂಗತಿ ತಾನಾಗಿ ಬಿಚ್ಚಿಕೊಂಡಿತು. ಪತ್ರಿಕೆಗಳಲ್ಲಿ ದಿನವೂ ಓದುವ ‘ನಿಯಮಗಳನ್ನು ಗಾಳಿಗೆ ತೂರಿ’ ಎಂಬ ಮಾತು ಇದೇ ಕಣದಿಂದ ಬಂದದ್ದು. ಉಳಿಸಿಕೊಳ್ಳಬೇಕಾದ ಕಾಳನ್ನು ಹೊಟ್ಟೆಂದು ಬಗೆದು ಹಾರಬಿಟ್ಟರು ಎಂಬ ಆಪಾದನೆ ಅದರೊಳಗಿದೆ. ಪ್ರತಿದಿನ ಆ ಮಾತನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ರೈತರ ಮಕ್ಕಳು, ಆದರೂ ಅಲ್ಲಿ ಕಣವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ. ನನಗೂ ಅದು ಹೊಳೆದದ್ದು ಇಂಗ್ಲಿಷರ ಹುಲ್ಲನ್ನು ವಿವರಿಸಲು ಹೋದಾಗ.

ಬಿಸಿಲಿನ ವಿಷಯ ಇನ್ನೂ ಆಳಕ್ಕೆ ಹೋಗುತ್ತದೆ. ‘ವಾರ್ಮ್ ವೆಲ್ಕಮ್’ ಎಂಬುದನ್ನು ವಿದ್ಯಾರ್ಥಿಯೊಬ್ಬ ‘ಬಿಸಿ ಸ್ವಾಗತ’ ಎಂದು ಅನುವಾದಿಸಿದ್ದ. ಕನ್ನಡದಲ್ಲಿ ಆ ಮಾತು ಬೈಗುಳದ ಸ್ವಾಗತದಂತೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಪ್ರೀತಿ ಬೆಚ್ಚಗಿರುತ್ತದೆ, ತಿರಸ್ಕಾರ ತಣ್ಣಗಿರುತ್ತದೆ; ಮಾತನಾಡಿಸದೆ ಹೋದವರು ‘ತಣ್ಣನೆಯ ಹೆಗಲು’ ತೋರಿಸಿದರು ಎನ್ನುತ್ತಾರೆ, ಮರುಕವಿಲ್ಲದ ಕೊಲೆಗಾರನ ರಕ್ತವೂ ತಣ್ಣಗಿರುತ್ತದೆ. ನಮ್ಮಲ್ಲಿ ಹಿರಿಯರು ಹರಸುವುದು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು. ಒಳ್ಳೆಯ ಮಾತು ಕೇಳಿದರೆ ಮನಸ್ಸು ತಂಪಾಗುತ್ತದೆ. ಅಸೂಯೆ ಹೊಟ್ಟೆಯೊಳಗಿನ ಕಿಚ್ಚು. ಹಾಗೆಂದು ಬೆಚ್ಚಗಿರುವುದನ್ನು ಕನ್ನಡ ಬೇಡವೆನ್ನುವುದಿಲ್ಲ; ಸರ್ವಜ್ಞ ‘ಬೆಚ್ಚನೆಯ ಮನೆ’ಯನ್ನು ಸುಖದ ಪಟ್ಟಿಯ ಮೊದಲಿಗೇ ಇಟ್ಟಿದ್ದಾನೆ. ಮನೆ ಮತ್ತು ಮಡಿಲು ಬೆಚ್ಚಗಿರಬೇಕು, ಹೊಟ್ಟೆ ಮತ್ತು ಮಾತು ತಣ್ಣಗಿರಬೇಕು. ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ನಮ್ಮ ಹವೆ ನಮಗೆ ಕಲಿಸಿದೆ.

ಶೇಕ್ಸ್‌ಪಿಯರನ 18ನೆಯ ಸಾನೆಟ್ಟನ್ನು ಪಾಠ ಮಾಡುವಾಗ ಈ ಲೆಕ್ಕ ಬೇಕೇ ಬೇಕು. ‘ನಿನ್ನನ್ನು ಬೇಸಿಗೆಯ ದಿನಕ್ಕೆ ಹೋಲಿಸಲೇ’ ಎಂದು ಅದು ಆರಂಭವಾಗುತ್ತದೆ. ರಾಯಚೂರಿನ ಕಡೆಯಿಂದ ಬಂದು ನಮ್ಮಲ್ಲಿ ಓದುತ್ತಿದ್ದ ಹುಡುಗನೊಬ್ಬನಿಗೆ ಬೇಸಿಗೆಯೆಂದರೆ 40 ಡಿಗ್ರಿ ದಾಟುವ ಮಧ್ಯಾಹ್ನ. ಅವನಿಗೆ ಆ ಪ್ರಶ್ನೆ ಪ್ರೀತಿಯದಾಗಿ ಕೇಳಿಸುವುದು ಹೇಗೆ? ಅವನು ಮುಖ ಗಂಟಿಕ್ಕಿ ಕುಳಿತದ್ದು ನನಗೆ ನ್ಯಾಯವಾಗಿಯೇ ಕಂಡಿತು. ಆದರೆ ಪದ್ಯವನ್ನು ಮುಂದಕ್ಕೆ ಓದಿದರೆ ಕವಿಯೂ ಆ ಹೋಲಿಕೆಯನ್ನು ಒಪ್ಪುವುದಿಲ್ಲ. ಮೇ ತಿಂಗಳ ಮೊಗ್ಗುಗಳನ್ನು ಗಾಳಿ ಅಲುಗಿಸುತ್ತದೆ, ಆಕಾಶದ ಕಣ್ಣು ಒಮ್ಮೊಮ್ಮೆ ಅತಿಯಾಗಿ ಉರಿಯುತ್ತದೆ, ಒಮ್ಮೊಮ್ಮೆ ಮಸುಕಾಗುತ್ತದೆ. ನೀನು ಬೇಸಿಗೆಗಿಂತ ಹದವಾಗಿದ್ದೀಯೆ ಎನ್ನುತ್ತಾನೆ. ಉಪಮಾನವನ್ನು ತಂದು, ಉಪಮೇಯವೇ ಅದಕ್ಕಿಂತ ಹೆಚ್ಚೆಂದು ಹೇಳುವುದಕ್ಕೆ ನಮ್ಮಲ್ಲಿ ವ್ಯತಿರೇಕ ಎಂಬ ಹೆಸರಿದೆ. ಶಾಲೆಯ ಇಂಗ್ಲಿಷ್ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಹೆಸರಿಲ್ಲ. ಅಲಂಕಾರಶಾಸ್ತ್ರದ ಪಾರಿಭಾಷಿಕ ಪದವೊಂದು ಇಂಗ್ಲಿಷ್ ಪದ್ಯದ ಬಾಗಿಲನ್ನು ತೆರೆದದ್ದನ್ನು ಕಂಡು ನನಗೆ ಅಂದು ನಿಜವಾದ ಸಂತೋಷವಾಯಿತು.

ಅದೇ ಪದ್ಯದಲ್ಲಿ ಯಾರೂ ಗಮನಿಸದ ಇನ್ನೊಂದು ಪದವಿದೆ. ಬೇಸಿಗೆಯ ‘ಲೀಸ್’ ಬಹಳ ಬೇಗ ಮುಗಿಯುತ್ತದೆ ಎಂಬ ಸಾಲದು. ನಮ್ಮ ಊರುಗಳಲ್ಲಿ ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುತ್ತಾರೆ, ಹೊಲವನ್ನು ಗುತ್ತಿಗೆಗೆ ಕೊಡುತ್ತಾರೆ, ಕರಾರುಪತ್ರದಲ್ಲಿ ಮುಗಿಯುವ ತಾರೀಖನ್ನು ಬರೆಯುತ್ತಾರೆ. ಕವಿಯ ಬೇಸಿಗೆ ಹಾಗೆ ಗುತ್ತಿಗೆಗೆ ಬಂದದ್ದು, ಅದು ಯಾರ ಸ್ವಂತದ್ದೂ ಅಲ್ಲ. ಹೂವು, ಮೊಗ್ಗು, ಸೂರ್ಯನ ನಡುವೆ ಒಂದು ಕರಾರುಪತ್ರ ಬಂದು ಕುಳಿತಿದೆ. ಇದನ್ನು ಹೇಳಿದಾಗ ಮುಖ ಗಂಟಿಕ್ಕಿದ್ದ ಆ ಹುಡುಗ ತಲೆಯೆತ್ತಿದ. ಅವರ ತಂದೆ ಗುತ್ತಿಗೆ ಹೊಲ ಮಾಡುವವರು.

ವರ್ಣನೆಯ ಭಾಷೆಯೆಂದ ಕೂಡಲೇ ನಮ್ಮ ಮಕ್ಕಳು ಗುಣವಾಚಕಗಳ ಬೆನ್ನು ಹತ್ತುತ್ತಾರೆ. ‘ಬ್ಯೂಟಿಫುಲ್’ ಎಂಬುದಕ್ಕೆ ‘ವೆರಿ’ ಸೇರಿಸಿ, ಅದೂ ಸಾಲದೆಂದರೆ ಇನ್ನೊಂದು ‘ವೆರಿ’ ಸೇರಿಸುತ್ತಾರೆ. ಆದರೆ ಇಂಗ್ಲಿಷಿನ ಒಳ್ಳೆಯ ವರ್ಣನೆಯನ್ನು ಬಿಡಿಸಿ ನೋಡಿದರೆ ಭಾರ ಬಿದ್ದಿರುವುದು ಹೆಚ್ಚಾಗಿ ಕ್ರಿಯಾಪದದ ಮೇಲೆ. ಕನ್ನಡದಲ್ಲಿ ‘ನಡೆ’ ಎಂಬ ಒಂದು ಕ್ರಿಯಾಪದವನ್ನು ಇಟ್ಟುಕೊಂಡು ಅದರ ಮುಂದೆ ಬಿರಬಿರನೆ, ಸರಸರನೆ, ದಡದಡನೆ, ಮೆಲ್ಲಮೆಲ್ಲನೆ ಎಂದು ಹೆಜ್ಜೆಯ ಸದ್ದನ್ನೇ ಇಡುತ್ತೇವೆ. ಅನುಕರಣಾವ್ಯಯಗಳೆಂಬುದು ನಮ್ಮ ಭಾಷೆಯ ದೊಡ್ಡ ಐಶ್ವರ್ಯ; ಜುಳುಜುಳು ಹರಿಯುವ ನೀರನ್ನೂ ಗಳಗಳನೆ ಅತ್ತ ಮಗುವನ್ನೂ ಬೇರೆ ಯಾವ ರೀತಿಯಲ್ಲಿ ಹೇಳಿದರೂ ನಮಗೆ ತೃಪ್ತಿಯಾಗುವುದಿಲ್ಲ. ಇಂಗ್ಲಿಷ್ ಆ ವಿವರವನ್ನು ಕ್ರಿಯೆಯ ಒಳಗೇ ತುಂಬಿಡುತ್ತದೆ. ‘ಟ್ರಡ್ಜ್’ ಎಂದರೆ ದಣಿದು ಕಾಲೆಳೆದುಕೊಂಡು ನಡೆಯುವುದು, ‘ಸ್ಟ್ರೈಡ್’ ಎಂದರೆ ದಾಪುಗಾಲು ಹಾಕುವುದು, ‘ಸ್ಟ್ರೋಲ್’ ಎಂದರೆ ಕೆಲಸವಿಲ್ಲದೆ ಅಡ್ಡಾಡುವುದು, ‘ಷಫಲ್’ ಎಂದರೆ ಪಾದ ಎತ್ತದೆ ನೆಲಕ್ಕೆ ಉಜ್ಜುತ್ತಾ ಸಾಗುವುದು. ಹೀಗಾಗಿ ನಮ್ಮವರು ‘ವಾಕ್ಡ್ ಸ್ಲೋಲಿ ಸ್ಲೋಲಿ’ ಎಂದು ಬರೆದಾಗ ಅದನ್ನು ತಪ್ಪೆಂದು ಕೆಂಪು ಗೆರೆ ಎಳೆದು ಬಿಟ್ಟರೆ ಸಾಲದು. ಆ ಮಗು ಕನ್ನಡದ ‘ಮೆಲ್ಲಮೆಲ್ಲನೆ’ಯನ್ನು ಸರಿಯಾಗಿಯೇ ಕೇಳಿಸಿಕೊಂಡಿದೆ, ಅದನ್ನು ಎಲ್ಲಿಡಬೇಕೆಂದು ಮಾತ್ರ ಇನ್ನೂ ತಿಳಿದಿಲ್ಲ.

ಸದ್ದಿನ ಐಶ್ವರ್ಯ ಇಂಗ್ಲಿಷಿಗೂ ಇದೆ, ಆದರೆ ಅದು ಪದದ ಮೊದಲಲ್ಲಿ ಅಡಗಿ ಕುಳಿತಿರುತ್ತದೆ. ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಿಮರ್, ಗ್ಲಿಂಟ್ ಎಲ್ಲವೂ ಬೆಳಕಿನವು, ಎಲ್ಲವೂ ‘ಗ್ಲ್’ ಎಂದೇ ಮೊದಲಾಗುತ್ತವೆ. ಹೀಗೆ ಒಂದು ಸದ್ದಿಗೆ ಒಂದು ಭಾವ ಅಂಟಿಕೊಳ್ಳುವುದಕ್ಕೆ ಜೆ.ಆರ್. ಫರ್ತ್ ಎಂಬ ಭಾಷಾವಿಜ್ಞಾನಿ 1930ರಲ್ಲಿ ‘ಫೋನೆಸ್ಥೀಮ್’ ಎಂಬ ಹೆಸರನ್ನು ಕೊಟ್ಟ. ಕೆಂಡದ ಬೆಳಕಿಗೆ ಗ್ಲೋ, ದೂರದ ಹಣತೆಯ ಮಿಣಮಿಣಕ್ಕೆ ಗ್ಲಿಮರ್, ತಿಕ್ಕಿಟ್ಟ ಹಿತ್ತಾಳೆ ಬಿಂದಿಗೆಯ ಥಳಥಳಕ್ಕೆ ಗ್ಲೀಮ್ ಎಂದು ವಸ್ತುವನ್ನು ಮುಂದಿಟ್ಟು ಹೇಳಿದಾಗ ಮಕ್ಕಳು ಆ ಪದಗಳನ್ನು ಮರೆಯುವುದಿಲ್ಲ. ನಿಘಂಟಿನ ಅರ್ಥ ನೋಡಿದರೆ ಎಲ್ಲದಕ್ಕೂ ‘ಹೊಳೆ’ ಎಂದೇ ಇರುತ್ತದೆ.

ಕ್ರಿಯಾಪದವೇ ರೂಪಕವನ್ನು ಹೊರುವ ಕೆಲಸವನ್ನು ತೋರಿಸಲು ನಾನು ವರ್ಷವೂ ಬಳಸುವುದು ಕಾರ್ಲ್ ಸ್ಯಾಂಡ್‌ಬರ್ಗ್ 1916ರಲ್ಲಿ ಪ್ರಕಟಿಸಿದ, ಷಿಕಾಗೊ ಬಂದರಿನ ಮಂಜನ್ನು ಕುರಿತ ಆರು ಸಾಲಿನ ಪದ್ಯ. ಒಟ್ಟು 21 ಪದಗಳು. ಮಂಜು ಬೆಕ್ಕಿನ ಪುಟ್ಟ ಪಾದಗಳ ಮೇಲೆ ಬರುತ್ತದೆ, ಹಿಂಗಾಲುಗಳ ಮೇಲೆ ಸದ್ದಿಲ್ಲದೆ ಕುಳಿತು ಬಂದರನ್ನೂ ನಗರವನ್ನೂ ನೋಡುತ್ತದೆ, ಆಮೇಲೆ ಮುಂದಕ್ಕೆ ಹೋಗುತ್ತದೆ. ಮಂಜು ಬೆಕ್ಕಿನಂತಿದೆ ಎಂದು ಅವನು ಎಲ್ಲಿಯೂ ಹೇಳುವುದಿಲ್ಲ. ಬೆಕ್ಕು ಎಂಬ ಪದ ಬರುವುದು ಒಂದೇ ಸಲ, ಅದೂ ಪಾದಕ್ಕೆ ವಿಶೇಷಣವಾಗಿ. ಉಳಿದ ಬೆಕ್ಕನ್ನೆಲ್ಲ ಬರುವುದು, ಕೂರುವುದು, ಎದ್ದು ಹೋಗುವುದು ಎಂಬ ಸಾಮಾನ್ಯ ಕ್ರಿಯೆಗಳೇ ಕಟ್ಟುತ್ತವೆ. ಬೆಕ್ಕು ಸಾಕಿದವರಿಗೆ ಗೊತ್ತಿದೆ, ಅದು ಬಂದದ್ದು ತಿಳಿಯುವುದಿಲ್ಲ, ಕುಳಿತದ್ದು ಕಾಣುತ್ತದೆ, ಹೋದದ್ದೂ ತಿಳಿಯುವುದಿಲ್ಲ. ಮಂಜೂ ಹಾಗೆಯೇ. ಪರೀಕ್ಷೆಯಲ್ಲಿ ‘ಇಲ್ಲಿರುವ ಅಲಂಕಾರವನ್ನು ಹೆಸರಿಸಿ’ ಎಂದು ಕೇಳಿದರೆ ಒಂದೇ ಪದದ ಉತ್ತರ ಸಾಕು, ಆದರೆ ಕುಳಿತಿರುವ ಆ ಮಂಜನ್ನು ಒಮ್ಮೆ ಕಾಣದೆ ಆ ಪದವನ್ನು ಬರೆಯುವುದರಲ್ಲಿ ಏನಿದೆ ಎಂದು ನನಗೆ ಪ್ರತಿವರ್ಷ ನೋವಾಗುತ್ತದೆ.

ಸಮುದ್ರದ ಮಾತುಗಳನ್ನು ಇಲ್ಲಿ ಚಿಕ್ಕದಾಗಿ ಮಾತ್ರ ಹೇಳುತ್ತೇನೆ, ಏಕೆಂದರೆ ಅವುಗಳಿಗೆ ಕೊನೆಯಿಲ್ಲ. ದ್ವೀಪದ ಜನ ಹಾಯಿಹಡಗಿನಲ್ಲಿ ಆಡಿದ ಮಾತುಗಳನ್ನು ನಾವು ಸಮುದ್ರ ಕಾಣದ ಊರುಗಳ ಕಚೇರಿಗಳಲ್ಲಿ ಬರೆಯುತ್ತಿದ್ದೇವೆ. ಅಚ್ಚರಿಗೊಂಡೆ ಎನ್ನಲು ‘ಟೇಕನ್ ಅಬ್ಯಾಕ್’ ಎನ್ನುವಾಗ, ಗಾಳಿ ಇದ್ದಕ್ಕಿದ್ದಂತೆ ಎದುರಿನಿಂದ ಹೊಡೆದು ಹಾಯಿ ಕಂಬಕ್ಕೆ ಒತ್ತಿಕೊಂಡು ಹಡಗು ತಡೆದು ನಿಂತ ಗಳಿಗೆ ಅದರಲ್ಲಿದೆ. ಸ್ವಲ್ಪ ರಿಯಾಯಿತಿ ಕೊಡಿ ಎನ್ನಲು ಬಳಸುವ ‘ಲೀವೇ’, ಗಾಳಿ ಹಡಗನ್ನು ಪಕ್ಕಕ್ಕೆ ತಳ್ಳುವ ದೂರ. ‘ಗವರ್ನಮೆಂಟ್’ ಎಂಬ ಪದವೇ ಲ್ಯಾಟಿನ್ನಿನ ಹಾದಿಯಲ್ಲಿ, ಅದಕ್ಕೂ ಹಿಂದೆ ಗ್ರೀಕಿನಲ್ಲಿ, ಚುಕ್ಕಾಣಿ ಹಿಡಿಯುವುದರಿಂದ ಬಂದದ್ದು. ‘ಆಡಳಿತದ ಚುಕ್ಕಾಣಿ’ ಎಂದು ನಮ್ಮ ಪತ್ರಿಕೆಗಳು ಬರೆಯುವಾಗ ಆ ಹಳೆಯ ಹಡಗು ಮತ್ತೆ ತೇಲುತ್ತದೆ.

ಹೀಗೆ ಪದದೊಳಗೆ ಮಲಗಿರುವ ರೂಪಕಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಕಿಟಕಿ. ‘ವಿಂಡೋ’ ಎಂಬುದು ಇಂಗ್ಲಿಷಿಗೆ ಬಂದದ್ದು ಹಳೆಯ ನಾರ್ಸ್ ಭಾಷೆಯ ‘ವಿಂಡ್‌ಔಗ’ದಿಂದ: ಗಾಳಿಯ ಕಣ್ಣು. ಅದಕ್ಕೆ ಮೊದಲು ಹಳೆಯ ಇಂಗ್ಲಿಷಿನಲ್ಲಿದ್ದ ಪದದ ಅರ್ಥವೂ ಕಣ್ಣಿನ ತೂತು ಎಂದೇ. ನಮ್ಮ ‘ಗವಾಕ್ಷಿ’ ಸಂಸ್ಕೃತದ ಗವಾಕ್ಷದಿಂದ ಬಂದದ್ದು, ಅದರ ಅರ್ಥ ಹಸುವಿನ ಕಣ್ಣು. ಒಬ್ಬರನ್ನೊಬ್ಬರು ಕಂಡಿರದ ಜನ ಗೋಡೆಯಲ್ಲಿ ತೂತು ಕೊರೆದು, ಹಿಂದೆ ಸರಿದು ನಿಂತು ನೋಡಿ, ಮನೆಗೆ ಕಣ್ಣು ಬಂತು ಎಂದುಕೊಂಡಿದ್ದಾರೆ. ‘ಡೇಸಿ’ ಹೂವಿನ ಹೆಸರು ಹಳೆಯ ಇಂಗ್ಲಿಷಿನಲ್ಲಿ ‘ದಿನದ ಕಣ್ಣು’. ಅದು ಬೆಳಿಗ್ಗೆ ಅರಳಿ ಸಂಜೆಗೆ ಮುಚ್ಚಿಕೊಳ್ಳುತ್ತದೆ. ಹಳೆಯ ಇಂಗ್ಲಿಷ್ ಕವಿಗಳಿಗಂತೂ ಹೀಗೆ ಎರಡು ಪದಗಳನ್ನು ಬೆಸೆದು ಮೂರನೆಯದನ್ನು ಕಾಣಿಸುವುದು ನಿತ್ಯದ ಅಭ್ಯಾಸವಾಗಿತ್ತು. ಸಮುದ್ರ ಅವರಿಗೆ ‘ತಿಮಿಂಗಿಲದ ದಾರಿ’, ದೇಹ ‘ಎಲುಬಿನ ಮನೆ’.

ಆ ಕವಿಗಳು ಪದಗಳ ಮೊದಲ ಸದ್ದನ್ನು ಹೊಂದಿಸಿ ಪದ್ಯ ಕಟ್ಟುತ್ತಿದ್ದರು, ನಮ್ಮವರು ಎರಡನೆಯ ಅಕ್ಷರವನ್ನು ಹೊಂದಿಸಿ ಪ್ರಾಸವಿಡುತ್ತಿದ್ದ ಹಾಗೆ. ‘ಕೂಲ್ ಆ್ಯಸ್ ಎ ಕ್ಯುಕಂಬರ್’, ‘ಗುಡ್ ಆ್ಯಸ್ ಗೋಲ್ಡ್’, ‘ಡೆಡ್ ಆ್ಯಸ್ ಎ ಡೋರ್‌ನೇಲ್’ ಮುಂತಾದ ಸವೆದ ಹೋಲಿಕೆಗಳಲ್ಲಿ ಅದೇ ಮೊದಲಕ್ಷರದ ಹೊಂದಿಕೆ ಉಳಿದುಕೊಂಡಿದೆ. ಇವುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದನ್ನು ನಾನು ಬಿಟ್ಟಿದ್ದೇನೆ. ಕಿವಿಗೆ ಸುಲಭವಾಗಿ ನಿಲ್ಲುತ್ತವೆ, ಆದರೆ ಕಣ್ಣಿಗೆ ಏನನ್ನೂ ಕೊಡುವುದಿಲ್ಲ. ಪ್ರಬಂಧದಲ್ಲಿ ಅವು ಬಂದ ಕೂಡಲೇ ಬರೆದವರು ನೋಡುವುದನ್ನು ನಿಲ್ಲಿಸಿದ್ದಾರೆಂದು ತಿಳಿಯುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಹೋಲಿಕೆಗಳಲ್ಲಿ ಕೂಡ ಕೆಲವು ಇಲ್ಲಿ ಬೇರೂರಿವೆ, ಕೆಲವು ಇನ್ನೂ ಅನ್ಯವಾಗಿಯೇ ಇವೆ. ‘ಬೆಳಕು ಚೆಲ್ಲು’ ಎಂಬುದು ಬೇರೂರಿದ್ದು. ಇಂಗ್ಲಿಷಿನವರು ಬೆಳಕನ್ನು ಎಸೆಯುತ್ತಾರೆ, ನಾವು ಅದನ್ನು ಅಂಗಳಕ್ಕೆ ನೀರು ಚೆಲ್ಲಿದಂತೆ ಚೆಲ್ಲಿದೆವು, ಅದು ನಮ್ಮದಾಯಿತು. ಇಲ್ಲಿಯೂ ಬೆಳಕಿಗೆ ನಮ್ಮದೊಂದು ಕೈ ಸೇರಿದೆ.

ಕಳೆದ ಮಳೆಗಾಲದಲ್ಲಿ ಪ್ರಥಮ ಪಿಯುಸಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮಳೆಯನ್ನು ಕುರಿತು ಇಂಗ್ಲಿಷಿನಲ್ಲಿ ಮೂರೇ ವಾಕ್ಯ ಬರೆಯಬೇಕು. ‘ವೆರಿ’ ಬರಬಾರದು, ‘ಬ್ಯೂಟಿಫುಲ್’ ಬರಬಾರದು. ಹಿಂದಿನ ಸಾಲಿನಲ್ಲಿ ಕೂರುವ, ಹೆಚ್ಚು ಮಾತನಾಡದ ಹುಡುಗಿಯೊಬ್ಬಳು, ದೂರದಿಂದಲೇ ಗೊಣಗುತ್ತಾ ಬರುವ ನಮ್ಮಜ್ಜಿಯ ಹಾಗೆ ಮಳೆ ಬಂತು ಎಂದು ಬರೆದಿದ್ದಳು. ‘ಗೊಣಗು’ ಎಂಬುದಕ್ಕೆ ನಿಘಂಟಿನಲ್ಲಿ ಹುಡುಕಿ ‘ಗ್ರಂಬಲ್’ ಎಂಬ ಪದವನ್ನು ಇಟ್ಟಿದ್ದಳು. ಗುಡುಗಿಗೆ ಇಂಗ್ಲಿಷರೂ ಆ ಪದವನ್ನು ಬಳಸುತ್ತಾರೆಂಬುದು ಅವಳಿಗೆ ಗೊತ್ತಿರಲಿಲ್ಲ. ನಾನು ಅವಳಿಗೆ ಆ ಬೆಕ್ಕಿನ ಪದ್ಯವನ್ನು ಮತ್ತೊಮ್ಮೆ ಓದಿಸಿ, ‘ಹಾಗೆ’ ಎಂಬುದನ್ನು ತೆಗೆದು ನೋಡಮ್ಮ ಎಂದೆ. ಅವಳು ಒಪ್ಪಿದಂತೆ ಕಾಣಲಿಲ್ಲ. ಹಾಳೆಯನ್ನು ತೆಗೆದುಕೊಂಡು ಹೋದಳು.

ಎರಡು ದಿನ ಬಿಟ್ಟು ತಂದುಕೊಟ್ಟ ಹಾಳೆಯಲ್ಲಿ ಇದ್ದ ಮೂರು ವಾಕ್ಯಗಳ ಅರ್ಥ ಇಷ್ಟು: ಗುಡ್ಡದ ಕಡೆಯಿಂದ ಮಳೆ ಗೊಣಗುತ್ತಾ ಬಂತು. ಅಂಗಳದಲ್ಲಿ ಒಣಹಾಕಿದ್ದ ಕಾಳನ್ನು ನಾವು ಒಳಗೆ ಎತ್ತಿಟ್ಟಿದ್ದೇವೆಯೇ ಎಂದು ನೋಡಿತು. ಆಮೇಲೆ ಹಂಚಿನ ಮೇಲೆ ಕುಳಿತು ರಾತ್ರಿಯೆಲ್ಲ ಮಾತನಾಡಿತು.

ಎರಡನೆಯ ವಾಕ್ಯದಲ್ಲಿ ಒಂದು ಸಣ್ಣ ತಪ್ಪಿತ್ತು, ತಿದ್ದಿದೆ. ಆಮೇಲೆ ಅಜ್ಜಿಯನ್ನು ಬಿಟ್ಟೇಬಿಟ್ಟೆಯಲ್ಲ ಎಂದು ಕೇಳಿದೆ. ಅವಳು ಹಾಳೆಯ ಮೇಲೆ ಬಾಗಿ, ಎರಡನೆಯ ವಾಕ್ಯದ ಮೇಲೆ ಬೆರಳಿಟ್ಟು ಹೇಳಿದಳು: “ಇಲ್ಲೇ ಇದ್ದಾರಲ್ಲ ಸರ್, ಕಾಳು ನೋಡ್ತಿದ್ದಾರೆ.”